ಒಂಟಾರಿಯೋದ ಮೊದಲ ಚಳಿಗಾಲ: ಓದಲು ಬಂದವರಿಗೂ ಅವರ ಮನೆಯವರಿಗೂ

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಟರ್‌ಲೂ, ಗ್ವೆಲ್ಫ್, ಇಲ್ಲಿನ ಲಂಡನ್ ಕಡೆ ಓದಲು ಬಂದವರಿಗೆ ಆ ಅಂಕಿ ಅಕ್ಟೋಬರಿನಲ್ಲೇ ಎದುರಾಗುತ್ತದೆ. ಜನವರಿ ಹೊತ್ತಿಗೆ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವುದು ಮಾಮೂಲು, ಮೈನಸ್ 20 ಮುಟ್ಟುವ ದಿನಗಳೂ ಇವೆ. ಸೆಪ್ಟೆಂಬರಿನಲ್ಲಿ ಬಂದಿಳಿದವರು ‘ಇಷ್ಟೇನಾ ಚಳಿ’ ಅಂದುಕೊಂಡು ಟೀ ಶರ್ಟಿನಲ್ಲಿ ಓಡಾಡಿಕೊಂಡಿರುತ್ತಾರೆ. ನವೆಂಬರಿನಲ್ಲಿ ಇಲ್ಲಿಯ ನಮ್ಮ ಕನ್ನಡಿಗರ ಸಂಘಕ್ಕೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: ಯಾವ ಜಾಕೆಟ್ ಕೊಳ್ಳಬೇಕು? ಉತ್ತರ ಹೇಳುತ್ತೇವೆ, ಆದರೆ ಅದಕ್ಕೂ ಮುಂಚೆ ಬೂಟಿನ ವಿಷಯ.

ಮೊದಲು ಕಾಲು, ಆಮೇಲೆ ಕೋಟು

ಕೈಯಲ್ಲಿರುವ ದುಡ್ಡು ಸೀಮಿತವಾಗಿದ್ದರೆ ಅದರ ದೊಡ್ಡ ಪಾಲು ಬೂಟಿಗೆ ಹೋಗಲಿ. ಕೋಟು ಸಾಧಾರಣವಾಗಿದ್ದರೂ ಒಳಗೆ ಇನ್ನೊಂದು ಸ್ವೆಟರ್ ಹಾಕಿ ಸುಧಾರಿಸಬಹುದು. ಒದ್ದೆಯಾದ ಸಾಕ್ಸ್ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತವರಿಗೆ ಎಷ್ಟು ಬೆಲೆಯ ಕೋಟೂ ನೆರವಾಗದು. ಬೂಟು ನೀರು ಒಳಗೆ ಬಿಡದಂತಿರಬೇಕು, ಕಣಕಾಲು ಮುಚ್ಚಬೇಕು, ದಪ್ಪ ಸಾಕ್ಸ್ ಹಾಕಿದ ಮೇಲೂ ಬೆರಳು ಆಡುವಷ್ಟು ಜಾಗ ಇರಬೇಕು. ಬಿಗಿಯಾದ ಬೂಟಿನಲ್ಲಿ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ.

ಹಿಮಕ್ಕಿಂತ ಅಪಾಯ ‘ಬ್ಲ್ಯಾಕ್ ಐಸ್’. ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿ, ಕಣ್ಣಿಗೆ ಒದ್ದೆ ರಸ್ತೆಯಂತೆ ಕಾಣುವ ತೆಳು ಪದರ ಅದು. ಅದರ ಮೇಲೆ ಪುಟ್ಟ ಹೆಜ್ಜೆ, ಮಂಡಿ ತುಸು ಬಗ್ಗಿಸಿದ ನಡಿಗೆ, ಕೈ ಜೇಬಿನಿಂದ ಹೊರಗೆ. ಯಾವ ಬೂಟು ಜಾರುವುದಿಲ್ಲ ಎಂದು ತಿಳಿಯಲು ಟೊರೊಂಟೊದ ಪುನರ್ವಸತಿ ಆಸ್ಪತ್ರೆಯ ಸಂಶೋಧಕರು ಮಂಜುಗಡ್ಡೆಯ ಮೇಲೆ ಜನರನ್ನೇ ನಡೆಸಿ ಪರೀಕ್ಷಿಸಿದ ‘ರೇಟ್ ಮೈ ಟ್ರೆಡ್ಸ್’ ಪಟ್ಟಿ ಇದೆ. ಕೊಳ್ಳುವ ಮುಂಚೆ ಒಮ್ಮೆ ನೋಡಿ. ದುಬಾರಿ ಎಂದ ಮಾತ್ರಕ್ಕೆ ಬೂಟು ಅದರಲ್ಲಿ ಪಾಸಾಗಿರುವುದಿಲ್ಲ. ರಸ್ತೆಗೆ ಸುರಿಯುವ ಉಪ್ಪು ಚರ್ಮವನ್ನು ತಿನ್ನುವುದರಿಂದ ಮನೆಗೆ ಬಂದೊಡನೆ ಬೂಟನ್ನು ಒದ್ದೆ ಬಟ್ಟೆಯಿಂದ ಒರೆಸಿಡಿ.

ಈಗ ಕೋಟು. ಊರಿನಿಂದ ದಪ್ಪ ಜಾಕೆಟ್ ಹೊತ್ತು ತರಬೇಡಿ. ಆ ತೂಕದಲ್ಲಿ ಹುಳಿಪುಡಿ, ಚಟ್ನಿಪುಡಿ ತಂದರೆ ಹೆಚ್ಚು ಲಾಭ. ಮಂಡಿಯ ಹತ್ತಿರದವರೆಗೆ ಬರುವ, ಗಾಳಿ ತಡೆಯುವ, ತಲೆಗವಸಿರುವ ಕೋಟು ಇಲ್ಲಿಯ ವ್ಯಾಲ್ಯೂ ವಿಲೇಜ್, ಸಾಲ್ವೇಷನ್ ಆರ್ಮಿಯಂಥ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಳಗೆ ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್. ಹತ್ತಿಯ ಬನಿಯನ್ ಬೇಡ. ಬೆವರು ಹೀರಿಕೊಂಡ ಹತ್ತಿ ಆರುವುದೇ ಇಲ್ಲ, ಮೈಗೆ ತಣ್ಣೀರು ಪಟ್ಟಿ ಕಟ್ಟಿದ ಹಾಗಿರುತ್ತದೆ. ಬರೀ ಜೀನ್ಸಿನ ಕತೆಯೂ ಅಷ್ಟೇ, ಅದರೊಳಗೂ ಥರ್ಮಲ್ ಬೇಕು. ಕೈಗೆ ಬೆರಳು ಬಿಡಿಬಿಡಿಯಾದ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಕಿವಿ ಮುಚ್ಚದ ಟೋಪಿ ಬರೀ ಶೋಕಿಗೆ.

ಉಷ್ಣಾಂಶಕ್ಕಿಂತ ವಿಂಡ್ ಚಿಲ್ ನೋಡಿ

ಹೊರಡುವ ಮುಂಚೆ ಕೆನಡಾ ಸರ್ಕಾರದ ‘ವೆದರ್‌ಕ್ಯಾನ್’ ಆ್ಯಪ್ ತೆರೆದು ವಿಂಡ್ ಚಿಲ್ ಎಷ್ಟಿದೆ ನೋಡಿ. ಗಾಳಿಯೂ ಸೇರಿ ಚರ್ಮಕ್ಕೆ ಎಷ್ಟು ಚಳಿ ತಾಗುತ್ತದೆ ಎನ್ನುವ ಅಂಕಿ ಅದು. ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಮೂಗಿನ ತುದಿ, ಕಿವಿ, ಬೆರಳು ಬಿಳಿಚಿಕೊಂಡು ಸ್ಪರ್ಶ ತಿಳಿಯದಂತಾದರೆ ಅದು ಫ್ರಾಸ್ಟ್‌ಬೈಟ್. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ. ಉಗುರುಬೆಚ್ಚನೆಯ ನೀರಿನಲ್ಲಿಟ್ಟು, ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ ಹೋಗಿ. ಏನು ಮಾಡಬೇಕೆಂದು ತೋಚದಿದ್ದರೆ 811ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ನರ್ಸ್ ಸಿಗುತ್ತಾರೆ.

ಕ್ಯಾಂಪಸ್ಸಿನೊಳಗಿನ ದಾರಿಗಳನ್ನು ಹಿಮ ಬೀಳುವ ಮೊದಲೇ ಕಲಿತುಕೊಳ್ಳಿ. ವಾಟರ್‌ಲೂ ವಿಶ್ವವಿದ್ಯಾಲಯದ ಹಲವು ಕಟ್ಟಡಗಳಿಗೆ ಸುರಂಗ, ಸೇತುವೆಗಳ ಸಂಪರ್ಕವಿದೆ. ಒಟ್ಟಾವಾ ನಗರದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ಸಿನ ಬಹುಭಾಗವನ್ನು ಸುರಂಗದಲ್ಲೇ ಸುತ್ತಬಹುದು. ಟೊರೊಂಟೊದ ಪೇಟೆಯಲ್ಲಿ ‘ಪಾತ್’ ಎಂಬ ನೆಲದಡಿಯ ನಡಿಗೆ ದಾರಿ 30 ಕಿಲೋಮೀಟರಿಗೂ ಉದ್ದವಿದೆ.

ಬಾಡಿಗೆ ಮನೆಯಲ್ಲಿ

ಸಂಕೋಚದಿಂದ ನಮ್ಮವರು ಸುಮ್ಮನೆ ನರಳುವ ಜಾಗ ಇದು. ಒಂಟಾರಿಯೋದ ಬಾಡಿಗೆ ಕಾನೂನಿನ ಪ್ರಕಾರ ಹೀಟ್ ಒದಗಿಸುವ ಹೊಣೆ ಮಾಲೀಕರದ್ದಾಗಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಮನೆಯೊಳಗೆ ಕನಿಷ್ಠ 20 ಡಿಗ್ರಿ ಇರಲೇಬೇಕು. ಕೆಲವು ನಗರಗಳ ನಿಯಮ ಇನ್ನೂ ಬಿಗಿ. ಬೇಸ್‌ಮೆಂಟಿನಲ್ಲಿದ್ದು ಹೀಟ್ ಏರಿಸಿ ಇಳಿಸುವ ಥರ್ಮೋಸ್ಟಾಟ್ ಮೇಲಿನ ಮಹಡಿಯವರ ಕೈಯಲ್ಲಿದ್ದರೆ, ಅಗ್ಗದ ಥರ್ಮಾಮೀಟರ್ ತಂದಿಡಿ, ಅಂಕಿಯ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿ. ಬಾಯಿಮಾತಿನ ದೂರು ನಿಲ್ಲುವುದಿಲ್ಲ. ಆಮೇಲೂ ಸರಿಹೋಗದಿದ್ದರೆ ನಗರಸಭೆಯ ಬೈಲಾ ಕಚೇರಿಗೆ ತಿಳಿಸಿ. ಒಂದು ಎಚ್ಚರಿಕೆ: ಮಾಲೀಕರ ಜೊತೆ ಅಡುಗೆಮನೆ ಅಥವಾ ಬಚ್ಚಲುಮನೆ ಹಂಚಿಕೊಳ್ಳುವ ಒಪ್ಪಂದವಿದ್ದರೆ ಈ ಬಾಡಿಗೆ ಕಾನೂನು ನಿಮಗೆ ಅನ್ವಯಿಸುವುದಿಲ್ಲ. ಅಂಥ ರೂಮು ಹಿಡಿಯುವ ಮೊದಲೇ ಹೀಟಿನ ಮಾತು ಬರಹದಲ್ಲಿರಲಿ.

ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವವರು ಯಾರು? ಕರಾರುಪತ್ರದಲ್ಲಿ ‘ಬಾಡಿಗೆದಾರರೇ ತೆಗೆಯಬೇಕು’ ಎಂದು ಒಂದು ಸಾಲು ಸೇರಿಸಿರುತ್ತಾರೆ. ಹಿಮದಲ್ಲಿ ಜಾರಿ ಬಿದ್ದ ಬಾಡಿಗೆದಾರರೊಬ್ಬರ ಪ್ರಕರಣದಲ್ಲಿ ಒಂಟಾರಿಯೋದ ಮೇಲ್ಮನವಿ ನ್ಯಾಯಾಲಯ 2009ರಲ್ಲೇ ಇಂಥ ಸಾಲಿಗೆ ಬೆಲೆಯಿಲ್ಲ ಎಂದಿದೆ. ಆ ಕೆಲಸವನ್ನು ನಿಮಗೆ ಒಪ್ಪಿಸಬೇಕಾದರೆ ಬಾಡಿಗೆ ಕರಾರಿನಿಂದ ಬೇರೆಯಾಗಿ ನಿಲ್ಲುವ ಒಪ್ಪಂದ ಬೇಕು. ಜಗಳಕ್ಕೆ ಹೋಗಿ ಎನ್ನುತ್ತಿಲ್ಲ, ತಿಳಿದಿರಲಿ ಅಷ್ಟೆ.

ಮನೆ ಬೆಚ್ಚಗಾಗಲೆಂದು ಓವನ್ ಬಾಗಿಲು ತೆರೆದಿಡುವುದು, ಬಾರ್ಬೆಕ್ಯೂ ಕೆಂಡ ಒಳಗೆ ತರುವುದು ಪ್ರಾಣಕ್ಕೇ ಎರವು. ಉರಿಯಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿ. ಕರೆಂಟಿನ ಹೀಟರ್ ಬಳಸುವವರು ಬಿಲ್ಲಿನ ಲೆಕ್ಕವನ್ನೂ ತಿಳಿದಿರಬೇಕು. ಸಮಯಕ್ಕೆ ತಕ್ಕ ದರವಿರುವ ಮನೆಗಳಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ವಾರದ ದಿನಗಳಲ್ಲಿ ಬೆಳಗ್ಗೆ 7ರಿಂದ 11, ಸಂಜೆ 5ರಿಂದ 7 ಅತಿ ದುಬಾರಿ ಹೊತ್ತು. ರಾತ್ರಿ 7ರ ನಂತರ ಮತ್ತು ಶನಿವಾರ, ಭಾನುವಾರ ಅಗ್ಗ. ಬಟ್ಟೆ ಒಗೆಯುವುದು ಆಗ ಇಟ್ಟುಕೊಳ್ಳಿ.

ಸಾರು, ಅನ್ನದ ಹಬೆ ತಣ್ಣನೆಯ ಕಿಟಕಿಗೆ ಬಡಿದು ನೀರಾಗಿ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒಗ್ಗರಣೆಗೆ ಮಾತ್ರವಲ್ಲ, ಅನ್ನ ಬೇಯಿಸುವಾಗಲೂ ಫ್ಯಾನ್ ಹಾಕಿ. ಇನ್ನು ದೋಸೆ ಹಿಟ್ಟು ಹುದುಗು ಬರುವುದಿಲ್ಲ ಎಂಬ ಗೋಳು. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಹಿಟ್ಟಿನ ಪಾತ್ರೆಯನ್ನು ರಾತ್ರಿಯಿಡೀ ಒಳಗಿಟ್ಟರೆ ಬೆಳಗ್ಗೆ ಉಕ್ಕಿರುತ್ತದೆ. ಮೊಸರಿಗೂ ಅದೇ ಉಪಾಯ. ಓವನ್ ಬಾಗಿಲಿಗೆ ಚೀಟಿ ಅಂಟಿಸಿಡಿ, ಇಲ್ಲದಿದ್ದರೆ ರೂಮ್‌ಮೇಟ್ ಪಿಜ್ಜಾಕ್ಕೆಂದು 400 ಫ್ಯಾರನ್‌ಹೀಟಿಗೆ ಏರಿಸುತ್ತಾರೆ. ಸಹನೆ ಇಲ್ಲದವರಿಗೆ ರವೆ ಇಡ್ಲಿ ಇದ್ದೇ ಇದೆ.

ಮಕ್ಕಳು ಜೊತೆಗಿದ್ದರೆ

ಇಲ್ಲಿಯ ಶಾಲೆಗಳು ಚಳಿಯೆಂದು ಆಟಕ್ಕೆ ಬಿಡದೆ ಇರುವುದಿಲ್ಲ, ಅತಿ ತೀವ್ರ ದಿನಗಳನ್ನು ಬಿಟ್ಟು. ಹಾಗಾಗಿ ಸ್ನೋಪ್ಯಾಂಟ್ ಬೇಕೇ ಬೇಕು. ಮಿಟನ್ ಎರಡು ಜೊತೆ ಕಳಿಸಿ, ಎಲ್ಲದರ ಮೇಲೂ ಹೆಸರು ಬರೆಯಿರಿ. ಮಫ್ಲರ್ ಆಟದ ಸಲಕರಣೆಗೆ ಸಿಕ್ಕಿಕೊಂಡು ಕುತ್ತಿಗೆ ಬಿಗಿಯಬಹುದು, ಅದರ ಬದಲು ತಲೆಯಿಂದ ಇಳಿಸುವ ನೆಕ್ ವಾರ್ಮರ್ ಕೊಳ್ಳಿ. ಕಾರ್ ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಕೋಟು ತೆಗೆದು, ಬೆಲ್ಟ್ ಬಿಗಿದ ಮೇಲೆ ಕಂಬಳಿ ಹೊದಿಸಿ. ಕೋಟಿನ ಮೇಲೆ ಹಾಕಿದ ಬೆಲ್ಟ್ ಅಪಘಾತದಲ್ಲಿ ಸಡಿಲವಾಗಿಬಿಡುತ್ತದೆ. ಹಿಮ ಜೋರಾದ ದಿನ ಶಾಲೆ ತೆರೆದಿದ್ದರೂ ಬಸ್ ರದ್ದಾಗಬಹುದು, ಬೆಳಗ್ಗೆಯೇ ನೋಡಿಕೊಳ್ಳಿ.

ಕತ್ತಲೆ

ಚಳಿಗೆ ಬಟ್ಟೆಯಿದೆ, ಸಂಜೆ ಐದಕ್ಕೂ ಮುಂಚೆ ಕವಿಯುವ ಕತ್ತಲೆಗೆ ಇಲ್ಲ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಊರಿಗೂ ನಮಗೂ ಇದ್ದ 9:30 ಗಂಟೆಯ ಅಂತರ 10:30 ಆಗುತ್ತದೆ. ರಾತ್ರಿ 9ಕ್ಕೆ ಮಾಡುತ್ತಿದ್ದ ಫೋನು ಅಮ್ಮನಿಗೆ ಬೆಳಗ್ಗೆ 7:30ಕ್ಕೆ, ತಿಂಡಿಯ ಗಡಿಬಿಡಿಯಲ್ಲಿ ಸಿಗುತ್ತದೆ, ಅವರಿಗೂ ಮುಂಚಿತವಾಗಿ ಹೇಳಿಡಿ. ಡಿಸೆಂಬರಿನಲ್ಲಿ ಬೆಳಕಿರುವುದು ಸುಮಾರು 9 ಗಂಟೆ ಮಾತ್ರ. ಲೈಬ್ರರಿಯಲ್ಲೇ ಇಡೀ ದಿನ ಕಳೆದರೆ ಅದೂ ತಪ್ಪುತ್ತದೆ. ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ, ಮೋಡವಿದ್ದರೂ ಸರಿ. ಕೆನಡಾದಲ್ಲಿ ಹಸುವಿನ ಹಾಲಿಗೆ ವಿಟಮಿನ್ ಡಿ ಸೇರಿಸುವುದು ಕಡ್ಡಾಯ. ಎಲ್ಲ ಮೊಸರಿನಲ್ಲೂ ಅದು ಇರುವುದಿಲ್ಲ. ಮೊಸರನ್ನವೇ ಆಧಾರವಾದವರು ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ಇಲ್ಲಿ ಓದುವವರಿಗೂ ಫ್ಲೂ ಲಸಿಕೆ ಉಚಿತ.

ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟು ಕ್ಲಾಸಿಗೆ ಹೋಗಲು ಮನಸ್ಸೇ ಬಾರದಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ, ‘ಮನೆಯವರಿಗೆ ಗೊತ್ತಾದರೆ’ ಎಂದು ಮುಚ್ಚಿಡಲೂ ಬೇಡಿ. ಕಾಲೇಜಿನ ಕೌನ್ಸೆಲಿಂಗ್ ಇದೆ, ಒಂಟಾರಿಯೋದ ವಿದ್ಯಾರ್ಥಿಗಳಿಗೆಂದೇ ‘ಗುಡ್‌ಟುಟಾಕ್’ ಸಹಾಯವಾಣಿ ಇದೆ. ಬದುಕೇ ಬೇಡ ಎನ್ನಿಸಿದರೆ ತಡಮಾಡದೆ 988ಕ್ಕೆ ಕರೆ ಮಾಡಿ ಅಥವಾ ಮೆಸೇಜ್ ಕಳಿಸಿ, ದಿನದ ಯಾವ ಹೊತ್ತಿನಲ್ಲಾದರೂ ಯಾರಾದರೂ ಸಿಗುತ್ತಾರೆ. ಸಂಘದವರಿಗೂ ಫೋನ್ ಮಾಡಿ, ಬಿಸಿ ಊಟಕ್ಕೆ ಕರೆಯುವ ಮನೆಗಳಿವೆ. ಸಂಕ್ರಾಂತಿಗೆ ಎಳ್ಳು ಬೀರುವಾಗ ಹೊರಗೆ ಮೈನಸ್ 15 ಇದ್ದರೂ ಒಳಗೆ ಜನ ತುಂಬಿರುತ್ತಾರೆ.

ಮಾರ್ಚಿನಲ್ಲಿ ಒಂದೆರಡು ದಿನ ಬಿಸಿಲು ಬಂದಿತೆಂದು ಬೂಟು ಕಟ್ಟಿಡಬೇಡಿ, ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು. ಅಂಗಡಿಗಳಲ್ಲಿ ಚಳಿಗಾಲದ ಸರಕಿನ ಬೆಲೆ ಇಳಿಯುವುದೂ ಆಗಲೇ. ಮಕ್ಕಳಿಗೆ ಮುಂದಿನ ವರ್ಷದ ಬೂಟು, ಸ್ನೋಪ್ಯಾಂಟನ್ನು ಒಂದು ಸೈಜ್ ದೊಡ್ಡದಾಗಿ ಆಗ ಕೊಂಡಿಟ್ಟುಕೊಳ್ಳಿ, ಈ ವರ್ಷದ್ದನ್ನು ಒಗೆದು ಸಂಘಕ್ಕೆ ತಂದುಕೊಡಿ. ಸೆಪ್ಟೆಂಬರಿನಲ್ಲಿ ಬರುವ ಮನೆಯವರಿಗೆ ಅದು ಬೇಕಾಗುತ್ತದೆ.