ಕ್ಯಾಟಮರಾನ್‌ಗೆ ಎಷ್ಟು ಭಾರ ಹೇರಬಹುದು?

ಕ್ಯಾಟಮರಾನ್ ಎಂಬ ಜೋಡಿ ಒಡಲಿನ ಹಾಯಿದೋಣಿಯಲ್ಲಿ ಜಾಗ ಧಾರಾಳ, ಹೊರುವ ಶಕ್ತಿ ಕಡಿಮೆ. ಕಪಾಟು ಖಾಲಿ ಇದೆಯೆಂದು ತುಂಬುತ್ತ ಹೋದರೆ ದೂರಪ್ರಯಾಣಕ್ಕೆ ಅದು ಒದಗುವುದಿಲ್ಲ.

ತಯಾರಕರ ಕೈಪಿಡಿಯಲ್ಲಿ ಖಾಲಿ ದೋಣಿಯ ತೂಕವನ್ನೂ ಗರಿಷ್ಠ ತೂಕವನ್ನೂ ನೋಡಿ. ಇವುಗಳ ವ್ಯತ್ಯಾಸದೊಳಗೆ ಜನ, ನೀರು, ಡೀಸೆಲ್, ಡಿಂಗಿ (ದಡಕ್ಕೆ ಹೋಗಿಬರುವ ಚಿಕ್ಕ ದೋಣಿ), ಆಮೇಲೆ ಕೂರಿಸಿದ ಜನರೇಟರ್, ಎಲ್ಲವೂ ಹಿಡಿಯಬೇಕು. ನೀರು ಲೀಟರಿಗೆ 1 ಕೆಜಿ, ಡೀಸೆಲ್ ಸುಮಾರು 0.85 ಕೆಜಿ. ಖಾಲಿ ತೂಕದಲ್ಲಿ ಏನೇನು ಸೇರಿದೆ ಎಂದೂ ಓದಿಕೊಳ್ಳಿ. ಒಬ್ಬೊಬ್ಬ ತಯಾರಕರ ಲೆಕ್ಕ ಒಂದೊಂದು ಥರ.

ಪಟ್ಟಿಗಿಂತ ನೀರು ಹೇಳುವ ಲೆಕ್ಕವೇ ಖಚಿತ. ಅಲೆಯಿಲ್ಲದ ಹೊತ್ತಿನಲ್ಲಿ ನಾಲ್ಕೂ ಮೂಲೆಗಳಲ್ಲಿ ಡೆಕ್ಕಿನ ಅಂಚಿನಿಂದ ನೀರಿನವರೆಗೆ ಟೇಪು ಹಿಡಿದು ಅಳೆಯಿರಿ. ಸಾಮಾನು ಹೇರಿದ ಮೇಲೆ ಮತ್ತೆ ಅಳೆಯಿರಿ. ನೀರಿನ ಮಟ್ಟದಲ್ಲಿ ಒಡಲು 11.5 ಮೀಟರ್ ಉದ್ದ, 1.2 ಮೀಟರ್ ಅಗಲ ಇದ್ದರೆ, ತುದಿಗಳು ಚೂಪಾಗಿರುವುದರಿಂದ 0.7ರಿಂದ ಗುಣಿಸಿ, ಎರಡು ಒಡಲಿಗೆ ಸುಮಾರು 19 ಚದರ ಮೀಟರ್. ಅಂದರೆ ಉಪ್ಪುನೀರಿನಲ್ಲಿ 1 ಸೆಂಮೀ ಮುಳುಗಿದರೆ ಸುಮಾರು 200 ಕೆಜಿ. 6 ಸೆಂಮೀ ಇಳಿದಿದ್ದರೆ 1.2 ಟನ್ ಹತ್ತಿದೆ.

ಆ 6 ಸೆಂಮೀ, ಎರಡು ಒಡಲುಗಳನ್ನು ಜೋಡಿಸುವ ಬ್ರಿಜ್‌ಡೆಕ್ಕಿನ ಕೆಳಗಿನ ತೆರವಿನಲ್ಲೇ ಕಡಿತವಾಗುತ್ತದೆ. ಅಲೆ ಅಡಿಗೆ ಬಡಿದು ಟೇಬಲ್ಲಿನ ಲೋಟ ಹಾರುವುದು ಆಗಲೇ. ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಒಂದೇ ಒಡಲಿನ ದೋಣಿ ಗಾಳಿಗೆ ವಾಲಿ ಅದರ ಒತ್ತಡ ಇಳಿಸಿಕೊಳ್ಳುತ್ತದೆ, ಕ್ಯಾಟಮರಾನ್ ಅಷ್ಟಾಗಿ ವಾಲದು. ಒಡಲುಗಳ ನಡುಗೆರೆಗಳ ಅಂತರ 6 ಮೀಟರ್ ಇದ್ದಲ್ಲಿ, 1 ಟನ್ ಹೆಚ್ಚಿದರೆ ವಾಲಿಕೆಯನ್ನು ತಡೆಯುವ ತಿರುಗುಬಲ ಗರಿಷ್ಠ 3 ಟನ್-ಮೀಟರಿನಷ್ಟು ಹೆಚ್ಚುತ್ತದೆ. ದೋಣಿ ಗಟ್ಟಿಯಾಗಿ ನಿಂತಂತೆ ಕಂಡರೂ ಆ ಎಳೆತವೆಲ್ಲ ಹಾಯಿಕಂಬದ ತಂತಿಗಳ ಮೇಲೆ, ಅವುಗಳ ಬುಡದ ಮೇಲೆ. ಹಾಗಾಗಿ ಹಾಯಿ ತಗ್ಗಿಸುವುದನ್ನು ವಾಲಿಕೆ ನೋಡಿ ಅಲ್ಲ, ಗಾಳಿಮಾಪಕ ನೋಡಿ ನಿರ್ಧರಿಸಿ.

ಭಾರ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ದೋಣಿ ಮುಂದಕ್ಕೂ ಹಿಂದಕ್ಕೂ ತೂಗುವಾಗಿನ ಜಡತ್ವ, ನಡುವಿನಿಂದ ಭಾರಕ್ಕಿರುವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ನಡುವಿನಿಂದ 5 ಮೀಟರ್ ದೂರದ ಬಿಡಿ ಲಂಗರನ್ನು 1 ಮೀಟರಿಗೆ ತಂದರೆ ಅದರ ಪಾಲು 25ರಲ್ಲಿ ಒಂದಾಗುತ್ತದೆ. ಹಿಂದೆ ತೂಗುಹಾಕಿದ ಡಿಂಗಿ, ಮೋಟಾರು ಹಿಂಬದಿಯನ್ನು ನೀರಿಗಿಳಿಸಿದರೆ ಸುಳಿಯೆದ್ದು ವೇಗ ಸಾಯುತ್ತದೆ.

ಕಡಿತ ಎಲ್ಲಿಂದ? ಕಡಲನೀರು ಶುದ್ಧೀಕರಿಸುವ ಯಂತ್ರವಿದ್ದರೆ ಟ್ಯಾಂಕ್ ಅರ್ಧ ತುಂಬಿದರೆ ಸಾಕು. ಆದರೆ ಅದು ಕೆಟ್ಟ ದಿನಕ್ಕೆ ತಲೆಗೆ ದಿನಕ್ಕೆ 3–4 ಲೀಟರಿನಂತೆ ಕ್ಯಾನುಗಳಲ್ಲಿ ಬೇರೆ ಇಡಿ. ಲಂಗರನ್ನು ಮಾತ್ರ ಚಿಕ್ಕದು ಮಾಡಬೇಡಿ, ಅಗಲದ ದೋಣಿ ಹೆಚ್ಚು ಗಾಳಿ ಹಿಡಿಯುತ್ತದೆ. 70 ಮೀಟರ್ ಸರಪಳಿ 10 ಮಿಮೀಯದಾದರೆ ಸುಮಾರು 160 ಕೆಜಿ, 8 ಮಿಮೀಯದಾದರೆ 100. ಬಲ ಸರಿಹೊಂದುವ ಮೇಲ್ದರ್ಜೆಯ 8 ಮಿಮೀ ಕೊಂಡರೆ, ಸರಪಳಿ ಎಳೆಯುವ ವಿಂಡ್‌ಲಾಸ್‌ನ ಚಕ್ರವನ್ನೂ ಅದೇ ಅಳತೆಗೆ ಬದಲಿಸಿ. ಇಲ್ಲದಿದ್ದರೆ ಕೊಂಡಿ ಜಾರುತ್ತದೆ.