ಹೊಸ ಐಪಿ ಕ್ಯಾಮೆರಾಗೆ ವಿಳಾಸ ಕೊಟ್ಟಿದ್ದು ಹೀಗೆ

ಅಂಗಡಿಗೆ ತಂದ ಹೊಸ ಐಪಿ ಕ್ಯಾಮೆರಾ (ನೆಟ್‌ವರ್ಕ್ ಮೂಲಕ ದೃಶ್ಯ ಕಳಿಸುವ ಕ್ಯಾಮೆರಾ) ರೌಟರಿಗೆ ಹಾಕಿದರೆ ಲೈಟ್ ಮಿನುಗುತ್ತಿತ್ತು, ಫೋನಿನಲ್ಲಿ ಏನೂ ಕಾಣುತ್ತಿರಲಿಲ್ಲ. ತಳದ ಸ್ಟಿಕ್ಕರ್ ನೋಡಿದಾಗ ಕಾರಣ ಗೊತ್ತಾಯಿತು: ಕ್ಯಾಮೆರಾದ ವಿಳಾಸ 192.168.1.108, ನಮ್ಮ ರೌಟರಿನದು 192.168.0.1. ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ನೆಟ್‌ವರ್ಕಿನದು ಎಂದು ಹೇಳುವ ಸಂಖ್ಯೆ) 255.255.255.0 ಇರುವಾಗ ಮೊದಲ ಮೂರು ಸಂಖ್ಯೆ ಒಂದೇ ಇರಬೇಕು; ಹಾಗಾಗಿ ಇವೆರಡೂ ಬೇರೆ ಬೇರೆ ನೆಟ್‌ವರ್ಕ್.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಕ್ಯಾಮೆರಾಗೆ ನೇರ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.1.50 ಕೊಟ್ಟೆ. ಬ್ರೌಸರಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ ಪುಟ ತೆರೆಯಿತು. ಅಲ್ಲಿ ವಿಳಾಸ 192.168.0.200, ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ, ಇಲ್ಲಿ ನಮ್ಮ ರೌಟರ್) 192.168.0.1 ಎಂದು ಬದಲಿಸಿದೆ.

200 ಯಾಕೆಂದರೆ, ನಮ್ಮ ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಕೊನೆಯ ಸಂಖ್ಯೆಯನ್ನು 100ರಿಂದ 199ರವರೆಗೆ ಮಾತ್ರ ಹಂಚುತ್ತದೆ. ಅದರೊಳಗಿನ ನಂಬರ್ ಕೊಟ್ಟರೆ ನಾಳೆ ಯಾರದೋ ಫೋನಿಗೂ ಅದೇ ಸಿಕ್ಕಿ ಎರಡೂ ಕೈಕೊಡಬಹುದು. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಲ್ಯಾಪ್‌ಟಾಪನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿ, ಕ್ಯಾಮೆರಾ ರೌಟರಿಗೆ ಜೋಡಿಸಿದೆ. ಪಿಂಗ್‌ಗೆ (ಸಾಧನ ನೆಟ್‌ವರ್ಕಿನಲ್ಲಿ ಸಿಗುತ್ತಿದೆಯೇ ಎಂದು ನೋಡುವ ಪರೀಕ್ಷೆ) ಉತ್ತರ ಬಂತು. ಕಂಪನಿ ಕೊಟ್ಟ ಪಾಸ್‌ವರ್ಡನ್ನೂ ಆಗಲೇ ಬದಲಿಸಿದೆ.