ಹದಿನಾಲ್ಕು ನಿಮಿಷದ ಪಂಕ್ ತಟ್ಟೆಯನ್ನು ಬಳಗಕ್ಕೆ ಕೇಳಿಸಿದ್ದು: ನನ್ನ ಅನುಭವ

ಪಂಕ್ ಎಂದರೆ ವೇಗದ, ಸಿಟ್ಟಿನ ರಾಕ್ ಸಂಗೀತ. ಅಮೆರಿಕದ ಪಂಕ್ ತಂಡ ಡೆಡ್ ಕೆನೆಡೀಸ್‌ನ ‘ಇನ್ ಗಾಡ್ ವಿ ಟ್ರಸ್ಟ್, ಇಂಕ್.’ ಎಂಬ ಗ್ರಾಮಫೋನ್ ತಟ್ಟೆ ನಮ್ಮ ಕಿವಿಗೆ ಒಗ್ಗುವುದಿಲ್ಲ ಎಂದು ನಮ್ಮ ರೆಕಾರ್ಡ್ ಬಳಗ ತೀರ್ಮಾನಿಸಿಬಿಟ್ಟಿತ್ತು. 1981ರ ಸ್ಯಾನ್ ಫ್ರಾನ್ಸಿಸ್ಕೋ, ಎಂಟು ಹಾಡು, ಸುಮಾರು ಹದಿನಾಲ್ಕು ನಿಮಿಷದ ಅಬ್ಬರ. ಕಳೆದ ತಿಂಗಳು ಅದೇ ಬಳಗ ಈ ತಟ್ಟೆಯನ್ನು ಕೇಳಿ ಮುಗಿಸಿ, ಮತ್ತೊಮ್ಮೆ ಹಾಕಿ ಎಂದಿತು. ಮಾಡಿದ್ದು ಹೇಗೆ ಎಂದು ಆಗಿನಿಂದ ಕೇಳುತ್ತಿದ್ದಾರೆ.

ಮೊದಲು ಹಣದ ಲೆಕ್ಕ. ಅಂಚೆ, ಸುಂಕ ಎಲ್ಲ ಸೇರಿ ತಟ್ಟೆಗೆ ಐದು ಸಾವಿರದ ಆಸುಪಾಸು ಬಿತ್ತು. ಮೊದಲು ಬಂದದ್ದು ಬಾಗಿತ್ತು. ಮಾರಿದವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಇನ್ನೊಂದು ತರಿಸಿದೆ. ಪದಗಳು ಸ್ಪಷ್ಟವಾಗಲಿ ಎಂದು ಹೊಸ ಸೂಜಿಗೆ ನಾಲ್ಕು ಸಾವಿರದಷ್ಟು ಸುರಿದೆ. ತಾಳದ ತಟ್ಟೆಗಳ ಸದ್ದು ತಿಳಿಯಾಯಿತು, ಪದಗಳು ಆಗಲಿಲ್ಲ. ತಂಡದ ಗಾಯಕ ಜೆಲ್ಲೋ ಬಿಯಾಫ್ರಾ ಹಾಡುವ ವೇಗಕ್ಕೆ ಸೂಜಿಯಲ್ಲಿ ಮದ್ದಿಲ್ಲ.

ಆಮೇಲೆ ಸಾಹಿತ್ಯವನ್ನು ಮುದ್ರಿಸಿ ಹಂಚಿದೆ. ಎಲ್ಲರೂ ತಲೆ ತಗ್ಗಿಸಿ ಓದತೊಡಗಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಾಡು ಮುಗಿದಿರುತ್ತಿತ್ತು. ಮೊಬೈಲ್‌ನಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಿಸಿದ್ದೂ ಉಂಟು. ಅದರಿಂದ ಬೇರೊಂದು ಲಾಭವಾಯಿತು: ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಡಿ.ಎಚ್. ಪೆಲಿಗ್ರೋ ಡ್ರಮ್ಮಿನ ಮೇಲೆ ಮಾಡುವ ಕೆಲಸ ಎಷ್ಟು ಕರಾರುವಾಕ್ಕಾದದ್ದು ಎಂಬುದು ಕಂಡಿತು. ಆದರೆ ಸಿಟ್ಟು ಪೂರ್ತಿ ಇಳಿದುಹೋಯಿತು. ಸಿಟ್ಟಿಲ್ಲದ ಮೇಲೆ ಈ ತಟ್ಟೆಯನ್ನು ಏಕೆ ಕೇಳಬೇಕು?

ಕೊನೆಗೆ ಫಲಿಸಿದ ವಿಧಾನ ಬಹಳ ಸರಳ. ಹಾಡು ಹಾಕುವ ಮೊದಲು, ಇದು ಯಾರನ್ನು ಬೈಯುತ್ತದೆ, ಏಕೆ ಬೈಯುತ್ತದೆ ಎಂದು ನಾಲ್ಕು ಸಾಲು ಕನ್ನಡದಲ್ಲಿ ಹೇಳುವುದು. ಪದದ ಅರ್ಥ ಹೇಳುವುದೇ ಇಲ್ಲ. ‘ಮಾರಲ್ ಮೆಜಾರಿಟಿ’ ಹಾಡಿಗೆ, 1979ರಲ್ಲಿ ಅದೇ ಹೆಸರಿನ ಸಂಪ್ರದಾಯವಾದಿ ಕ್ರೈಸ್ತ ರಾಜಕೀಯ ಸಂಘಟನೆ ಕಟ್ಟಿದ ಪಾದ್ರಿ ಜೆರ್ರಿ ಫಾಲ್ವೆಲ್ ಯಾರೆಂದು ಹೇಳಿದೆ, ಡಾಲರ್ ನೋಟುಗಳ ಶಿಲುಬೆಗೆ ಏಸುವನ್ನು ಏರಿಸಿದ ಹೊದಿಕೆಯ ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದೆ. ಅಷ್ಟೇ ಸಾಕಾಯಿತು.

‘ಕೆಪೋನ್ ಫ್ಯಾಕ್ಟರಿ’ ಹಾಡಿನ ವೇಳೆಗೆ ಕೋಣೆಯ ಕಳೆಯೇ ಬದಲಾಯಿತು. ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಕೆಪೋನ್ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಮಿಕರಿಗೆ ಮೈ ನಡುಕ ಹಿಡಿದದ್ದು, 1975ರಲ್ಲಿ ಕಾರ್ಖಾನೆ ಮುಚ್ಚಿದ್ದು, ಜೇಮ್ಸ್ ನದಿಯಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿದ್ದು, ಇಷ್ಟನ್ನು ಹೇಳಿದೆ. ಬೆಳ್ತಂಗಡಿ ಕಡೆಯ ಗೆಳೆಯರೊಬ್ಬರು ನಡುವೆಯೇ ಮಾತು ತೆಗೆದು, ಕೊಕ್ಕಡ, ಪಟ್ರಮೆ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು, ಇಂದಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ನೆನೆದರು. ಆಮೇಲೆ ಸೂಜಿ ಇಟ್ಟೆ. ಏನು ಹಾಡುತ್ತಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ.

ಎಂಬತ್ತರ ದಶಕದಲ್ಲಿ ತಮಟೆ ಹಿಡಿದು ಹೋರಾಟದ ಹಾಡು ಹಾಡುತ್ತಿದ್ದ ಹಿರಿಯರೊಬ್ಬರು ಮಾತ್ರ ಬಗ್ಗಿರಲಿಲ್ಲ. “ಜನರ ಬಾಯಿಗೆ ಒಂದೇ ಸಲಕ್ಕೆ ಹತ್ತದ ಹಾಡು ಹೋರಾಟಕ್ಕೆ ಏತಕ್ಕಪ್ಪಾ?” ಎಂಬುದು ಅವರ ಪಟ್ಟು. ನ್ಯಾಯವಾದ ಪ್ರಶ್ನೆಯೇ. ಅವರಿಗಾಗಿ ಎರಡು ಹಾಡುಗಳನ್ನು ಒಟ್ಟಿಗೆ ಹಾಕಿದೆ. ಮೊದಲನೆಯದು ಇದೇ ತಂಡದ 1979ರ ‘ಕ್ಯಾಲಿಫೋರ್ನಿಯಾ ಊಬರ್ ಆಲ್ಲೆಸ್’, ಕ್ಯಾಲಿಫೋರ್ನಿಯಾದ ಆಗಿನ ಚುನಾಯಿತ ಗವರ್ನರ್ ಜೆರ್ರಿ ಬ್ರೌನ್ ವಿರುದ್ಧದ್ದು. ಎರಡನೆಯದು ಈ ತಟ್ಟೆಯ ‘ವಿ ಹ್ಯಾವ್ ಗಾಟ್ ಎ ಬಿಗ್ಗರ್ ಪ್ರಾಬ್ಲಮ್ ನೌ’. ರೊನಾಲ್ಡ್ ರೀಗನ್ ಅಮೆರಿಕದ ಅಧ್ಯಕ್ಷರಾದ ವರ್ಷದಲ್ಲೇ ಹಳೆಯ ಹಾಡಿನ ಸಾಹಿತ್ಯವನ್ನು ತಿದ್ದಿ, ಬಾಣವನ್ನು ಅವರತ್ತ ತಿರುಗಿಸಿದ್ದಾರೆ. ಹೋಟೆಲಿನ ಜಾಜ್ ಸಂಗೀತದಂತೆ ಮೆಲ್ಲಗೆ ಶುರುವಾಗಿ ಆಮೇಲೆ ಸ್ಫೋಟಿಸುತ್ತದೆ. ಅರ್ಧಕ್ಕೇ ಹಿರಿಯರು ಕೈ ಎತ್ತಿದರು: “ಹಾಡು ಅದೇ, ಮಂತ್ರಿ ಬೇರೆ! ನಾವೂ ಹೀಗೆಯೇ ಮಾಡುತ್ತಿದ್ದೆವು.” ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಈ ತಟ್ಟೆಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಇದರ ಹಳೆಯ ಕ್ಯಾಸೆಟ್‌ನಲ್ಲಿ ಎರಡನೆಯ ಬದಿಯನ್ನು ಖಾಲಿ ಬಿಟ್ಟು, ಮನೆಯಲ್ಲಿ ಹಾಡು ನಕಲು ಮಾಡಿಕೊಳ್ಳಲು ಕೇಳುಗರಿಗೇ ಬಿಟ್ಟುಕೊಟ್ಟಿದ್ದರು. ನಕಲಿನ ವಿರುದ್ಧ ಕಂಪನಿಗಳು ಗುಲ್ಲೆಬ್ಬಿಸಿದ್ದ ಕಾಲವದು. ಆ ಕ್ಯಾಸೆಟ್ ಹುಡುಕಲು ಬಹಳ ಅಲೆದೆ. ಕೇಳಿದ ಬೆಲೆ ನನ್ನ ಕೈಗೆ ಮೀರಿದ್ದು.

ಹಾಡುಗಳ ನಡುವೆ ಎಷ್ಟು ಹೊತ್ತು ಬಿಡುತ್ತೇನೆ, ಕಿವಿ ಹದಗೊಳಿಸಲು ಮೊದಲು ಯಾವ ಕನ್ನಡ ಹಾಡು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕುಳಿತವರಿಗೆ ತಾನಾಗಿ ತಿಳಿಯುತ್ತದೆ.

ಮುಂದಿನದು ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ ಮೊದಲ ತಟ್ಟೆ. ಅದೂ 1981ರದ್ದು, ಎಂಟೇ ಹಾಡು, ಹತ್ತು ನಿಮಿಷವೂ ಇಲ್ಲ. ಅಲ್ಲಿ ಬೈಗುಳ ಸರ್ಕಾರಕ್ಕಿಂತ ಹೆಚ್ಚಾಗಿ ಜೊತೆಗಾರರ ಮೇಲೆ, ಕುಡಿತದ ಮೇಲೆ. ಹಾಗಾಗಿ ನಾಲ್ಕು ಸಾಲಿನ ಪೀಠಿಕೆ ಸಾಲದು, ಬೇರೆ ದಾರಿ ಬೇಕು. ಅರ್ಧ ಬರೆದಿಟ್ಟಿದ್ದೇನೆ.